ಓಡುವ ಹೋರಿಗೂ ಬೇಕು ಒಂದು ನಿವೃತ್ತಿ

2023ರ ಮೇ 18, ಗುರುವಾರ. ಅಂದು ನವದೆಹಲಿಯಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು ತಮಿಳುನಾಡಿನ ಜಲ್ಲಿಕಟ್ಟು, ಮಹಾರಾಷ್ಟ್ರದ ಚಕ್ಕಡಿ ಓಟ ಮತ್ತು ಕರ್ನಾಟಕದ ಕಂಬಳ ಹಾಗೂ ಹೋರಿ ಓಟಗಳಿಗೆ ಅವಕಾಶ ನೀಡುವ ಕಾನೂನುಗಳು ಸಿಂಧು ಎಂದು ತೀರ್ಪಿತ್ತಿತು. ಅದೇ ದಿನ ಭೂಗೋಳದ ಇನ್ನೊಂದು ಬದಿಯಲ್ಲಿ, ಲಾಸ್ ಏಂಜಲೀಸಿನ ತಮ್ಮ ಮನೆಯಲ್ಲಿ, ಜಿಮ್ ಬ್ರೌನ್ ಎಂಬ 87 ವರ್ಷದ ಹಿರಿಯರೊಬ್ಬರು ಕೊನೆಯುಸಿರೆಳೆದರು. ಮೊದಲ ಸುದ್ದಿ ಶಿರಾಳಕೊಪ್ಪದ ಸುತ್ತಲಿನ ಹಳ್ಳಿಗಳಿಗೆ ತಲುಪಿ ಸಂಭ್ರಮವಾಯಿತು. ಎರಡನೆಯ ಸುದ್ದಿ ಅಲ್ಲಿಗೆ ತಲುಪಲಿಲ್ಲ. ತಲುಪಬೇಕಾದ ಕಾರಣವೂ ಇರಲಿಲ್ಲ. ಆದರೂ ಈ ಎರಡನ್ನೂ ಜೊತೆಗಿಟ್ಟು ನೋಡಿದಾಗ, ಮಲೆನಾಡಿನ ಸೆರಗಿನ ನಮ್ಮ ಒಂದು ಹಬ್ಬದ ಬಗ್ಗೆ ನಾವು ಇದುವರೆಗೆ ಕೇಳಿಕೊಳ್ಳದೆ ಉಳಿದ ಒಂದು ಪ್ರಶ್ನೆ ಎದುರಾಗುತ್ತದೆ.

ಜಿಮ್ ಬ್ರೌನ್ ಅಮೆರಿಕನ್ ಫುಟ್‌ಬಾಲ್ ಕಂಡ ಅತಿ ದೊಡ್ಡ ಓಟಗಾರರಲ್ಲಿ ಒಬ್ಬರು. ಆ ಆಟದ ಹೆಸರಿನಲ್ಲಿ ಫುಟ್‌ಬಾಲ್ ಇದೆಯಾದರೂ ನಮಗೆ ಪರಿಚಿತವಾದ ಕಾಲ್ಚೆಂಡಾಟಕ್ಕೂ ಅದಕ್ಕೂ ಸಂಬಂಧ ಕಡಿಮೆ. ಪಕ್ಷವೊಂದಕ್ಕೆ ಹನ್ನೊಂದು ಮಂದಿ. ನಾಲ್ಕು ಅವಕಾಶಗಳಲ್ಲಿ ಹತ್ತು ಗಜ ಮುಂದೆ ಸಾಗಬೇಕು. ಸಾಗಿದರೆ ಮತ್ತೆ ನಾಲ್ಕು ಅವಕಾಶ. ಚೆಂಡನ್ನು ಎದೆಗವಚಿಕೊಂಡು ಎದುರಾಳಿಗಳ ಗೋಡೆಯೊಳಗೆ ನುಗ್ಗಿ ಓಡುವವನಿಗೆ ಅಲ್ಲಿ ರನ್ನಿಂಗ್ ಬ್ಯಾಕ್ ಎನ್ನುತ್ತಾರೆ. ಅವನನ್ನು ಹಿಡಿದು ಕೆಡವುವುದೇ ಎದುರಿನ ಹನ್ನೊಂದು ಮಂದಿಯ ಕೆಲಸ. ನಮ್ಮ ಕಬಡ್ಡಿಯಲ್ಲಿ ಎದುರಾಳಿಯ ಅಂಕಣಕ್ಕೆ ನುಗ್ಗುವವನಾದರೂ ಮುಟ್ಟಿ ಹಿಂದಿರುಗಬಹುದು. ಇವನಿಗೆ ಹಿಂದಿರುಗುವ ದಾರಿಯೇ ಇಲ್ಲ. ಒಂದೋ ಸೀಳಿಕೊಂಡು ಹೋಗಬೇಕು, ಇಲ್ಲವೇ ನೆಲಕ್ಕೆ ಬೀಳಬೇಕು.

ಬ್ರೌನ್ 1957ರಿಂದ 1965ರವರೆಗೆ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡಕ್ಕಾಗಿ ಒಂಬತ್ತು ಋತುಗಳನ್ನು ಆಡಿದರು. ಅವುಗಳಲ್ಲಿ ಎಂಟು ಋತುಗಳಲ್ಲಿ ಇಡೀ ಲೀಗಿನಲ್ಲಿ ಓಟದಿಂದ ಅತಿ ಹೆಚ್ಚು ಗಜ ಗಳಿಸಿದವರು ಅವರೇ. 118 ಪಂದ್ಯಗಳು, ಗಾಯದ ಕಾರಣಕ್ಕೆ ಒಂದನ್ನೂ ತಪ್ಪಿಸಿಕೊಂಡವರಲ್ಲ. 2,359 ಬಾರಿ ಚೆಂಡು ಹಿಡಿದು ಓಡಿ ಅವರು ಗಳಿಸಿದ್ದು 12,312 ಗಜ. ಕಿಲೋಮೀಟರಿನ ಲೆಕ್ಕದಲ್ಲಿ ಅದು ಹನ್ನೊಂದೂಕಾಲು ಕಿಲೋಮೀಟರ್ ಮಾತ್ರ. ಶಿರಾಳಕೊಪ್ಪದಿಂದ ಹೊರಟರೆ ಶಿಕಾರಿಪುರವನ್ನೂ ಮುಟ್ಟದಷ್ಟು ದೂರ. ಆದರೆ ಆ ದಾರಿಯ ಉದ್ದಕ್ಕೂ, ಐದೈದು ಗಜಕ್ಕೊಮ್ಮೆ, ಯಾರೋ ಒಬ್ಬರು ಅವರ ಮೈಮೇಲೆ ಎರಗಿದ್ದಾರೆ ಎಂಬುದನ್ನು ನೆನೆದರೆ ಆ ಅಂಕಿಯ ತೂಕ ತಿಳಿಯುತ್ತದೆ. ಬಿದ್ದ ಮೇಲೆ ಅವರು ಪ್ರತಿ ಬಾರಿಯೂ ಬಹಳ ನಿಧಾನವಾಗಿ ಏಳುತ್ತಿದ್ದರು. ನಿಜವಾಗಿ ನೋವಾಗಿದೆಯೋ ಇಲ್ಲವೋ ಎಂಬುದು ಎದುರಾಳಿಗೆ ತಿಳಿಯಬಾರದೆಂಬ ಉಪಾಯ ಅದು.

1966ರ ಬೇಸಿಗೆಯಲ್ಲಿ, ಮೂವತ್ತರ ವಯಸ್ಸಿನಲ್ಲಿ, ಆಟದ ಶಿಖರದಲ್ಲಿದ್ದಾಗಲೇ ಅವರು ನಿವೃತ್ತಿ ಘೋಷಿಸಿಬಿಟ್ಟರು. ಚಲನಚಿತ್ರವೊಂದರ ಚಿತ್ರೀಕರಣಕ್ಕೆಂದು ಆಗ ಅವರು ಇಂಗ್ಲೆಂಡಿನಲ್ಲಿದ್ದರು. ನಂತರದ ಬದುಕಿನಲ್ಲಿ ನಟರಾದರು, ಕಪ್ಪು ಜನಾಂಗದ ಹಕ್ಕುಗಳ ಪರವಾಗಿ ದನಿಯೆತ್ತಿದರು; ಮಹಿಳೆಯರ ಮೇಲಿನ ದೌರ್ಜನ್ಯದ ಆರೋಪಗಳ ಕಳಂಕವನ್ನೂ ಹೊತ್ತರು. ಅದೆಲ್ಲ ಬೇರೆಯೇ ಕಥೆ. ಇಲ್ಲಿ ನಮಗೆ ಮುಖ್ಯವಾದದ್ದು ಒಂದೇ ಸಂಗತಿ: ಓಟವನ್ನು ಯಾವಾಗ ನಿಲ್ಲಿಸಬೇಕೆಂಬುದನ್ನು ಆ ಓಟಗಾರ ತಾನೇ ತೀರ್ಮಾನಿಸಿದ. 1999ರಲ್ಲಿ ಡೆಟ್ರಾಯಿಟ್ ತಂಡದ ಬ್ಯಾರಿ ಸ್ಯಾಂಡರ್ಸ್ ಕೂಡ, ಅಂದಿನ ದಾಖಲೆಗೆ ಇನ್ನೊಂದು ಋತುವಿನಷ್ಟೇ ದೂರವಿದ್ದಾಗ, ತನ್ನ ಹುಟ್ಟೂರಿನ ಪತ್ರಿಕೆಗೆ ಒಂದು ಫ್ಯಾಕ್ಸ್ ಕಳುಹಿಸಿ ಆಟದಿಂದ ಹೊರನಡೆದ.

ಈಗ ಶಿರಾಳಕೊಪ್ಪಕ್ಕೆ ಬರೋಣ. ಶಿಕಾರಿಪುರ, ಸೊರಬ, ಹಿರೇಕೆರೂರು, ಆನವಟ್ಟಿಗಳ ದಾರಿಗಳು ಕೂಡುವ ಈ ಊರಿನ ಸುತ್ತಮುತ್ತ ಮಲೆನಾಡು ಮುಗಿದು ಬಯಲುಸೀಮೆ ಆರಂಭವಾಗುತ್ತದೆ. 1956ರವರೆಗೆ ಇದೇ ಭಾಗದಲ್ಲಿ ಮೈಸೂರು ಸಂಸ್ಥಾನಕ್ಕೂ ಮುಂಬಯಿ ಪ್ರಾಂತ್ಯಕ್ಕೂ ನಡುವಿನ ಗಡಿ ಹಾದುಹೋಗಿತ್ತು. ಭಾಷೆಗಾಗಲಿ, ಹಬ್ಬಕ್ಕಾಗಲಿ ಆ ಗಡಿ ಲೆಕ್ಕಕ್ಕಿರಲಿಲ್ಲವೆಂಬುದಕ್ಕೆ ಗೆರೆಯ ಎರಡೂ ಬದಿಯಲ್ಲಿ ಇಂದಿಗೂ ಒಂದೇ ಹುರುಪಿನಿಂದ ನಡೆಯುವ ಹೋರಿ ಹಬ್ಬವೇ ಸಾಕ್ಷಿ. ಹೋರಿ ಬೆದರಿಸುವ ಹಬ್ಬ, ಕೊಬ್ಬರಿ ಹೋರಿ ಸ್ಪರ್ಧೆ ಎಂದೆಲ್ಲ ಕರೆಯಿಸಿಕೊಳ್ಳುವ ಇದು ದೀಪಾವಳಿಯ ಬಲಿಪಾಡ್ಯಮಿಯಂದು ಆರಂಭವಾಗುತ್ತದೆ. ಅಲ್ಲಿಂದ ಸಂಕ್ರಾಂತಿಯವರೆಗೆ, ಕೆಲವೆಡೆ ಅದರಾಚೆಗೂ, ಇಂದು ಈ ಊರಿನಲ್ಲಿ, ನಾಳೆ ಆ ಊರಿನಲ್ಲಿ ಎಂಬಂತೆ ಸಾಗುತ್ತದೆ.

ನೋಡದವರಿಗಾಗಿ ಒಂದಿಷ್ಟು ವಿವರ ಹೇಳಬೇಕು. ಊರ ಹೊರಗಿನ ಬಯಲಿನಲ್ಲೋ ಬೀದಿಯಲ್ಲೋ ಅಖಾಡ. ಎರಡೂ ಕಡೆ ಬಿದಿರು, ಮರದ ಗಳಗಳ ತಡೆ. ಅದರ ಹಿಂದೆ, ಮುಂದೆ, ಮನೆಗಳ ಮಾಳಿಗೆಯ ಮೇಲೆ, ಟ್ರ್ಯಾಕ್ಟರಿನ ಟ್ರೈಲರಿನ ಮೇಲೆ ಜನ. ಬಣ್ಣದ ಜೂಲು ಹೊದಿಸಿ, ಕೋಡಿಗೆ ರಿಬ್ಬನ್ನು, ಬಲೂನು ಕಟ್ಟಿ, ಕೊರಳಿಗೆ ಒಣಕೊಬ್ಬರಿಯ ಸರ ಹಾಕಿದ ಹೋರಿಗಳನ್ನು ಒಂದೊಂದಾಗಿ ಬಿಡುತ್ತಾರೆ. ಎದುರಿಗೆ ಹೋರಿ ಹಿಡಿಯಲೆಂದೇ ಬಂದ ತರುಣರ ದಂಡು. ಅವರ ಕೈಗೆ ಸಿಗದೆ, ಕೊಬ್ಬರಿ ಸರವನ್ನು ಉಳಿಸಿಕೊಂಡು ಗುರಿ ದಾಟಿದ ಹೋರಿ ಗೆದ್ದಿತು. ಕೊಬ್ಬರಿ ಕಿತ್ತವನೂ ಗೆದ್ದ. ಕೋಡುಗಳ ನಡುವೆ ಎತ್ತರದ ಅಲಂಕಾರ ಹೊತ್ತು ಓಡುವ ಪೀಪಿ ಹೋರಿಗಳ ಸೊಬಗೇ ಬೇರೆ. ಧ್ವನಿವರ್ಧಕದಲ್ಲಿ ವೀಕ್ಷಕ ವಿವರಣೆ ಎಡೆಬಿಡದೆ ಸಾಗುತ್ತಿರುತ್ತದೆ. ಹೋರಿಯ ಹೆಸರು ಕೇಳಿದೊಡನೆ ಅದರ ಅಭಿಮಾನಿಗಳ ಕೇಕೆ ಮುಗಿಲು ಮುಟ್ಟುತ್ತದೆ.

ರನ್ನಿಂಗ್ ಬ್ಯಾಕಿನ ಕೆಲಸವನ್ನೇ ಈ ಹೋರಿಯೂ ಮಾಡುತ್ತಿದೆ. ಕಸಿದುಕೊಳ್ಳಲು ಬರುವವರ ನಡುವಿನಿಂದ, ತನಗೆ ಒಪ್ಪಿಸಿದ ವಸ್ತುವನ್ನು ಉಳಿಸಿಕೊಂಡು, ಓಡುವುದು. ಅಲ್ಲಿ ಚೆಂಡು, ಇಲ್ಲಿ ಕೊಬ್ಬರಿ. ಅಲ್ಲಿನ ಅಭಿಮಾನಿ ತನ್ನ ಆಟಗಾರನ ಹೆಸರಿನ ಅಂಗಿ ತೊಟ್ಟಂತೆ ಇಲ್ಲಿನ ಹುಡುಗರೂ ಹೋರಿಯ ಚಿತ್ರ, ಹೆಸರು ಅಚ್ಚು ಹಾಕಿಸಿದ ಟೀ ಶರ್ಟ್ ತೊಟ್ಟಿರುತ್ತಾರೆ. ಹೋರಿಗಳಿಗೆ ಸಿನಿಮಾ ನಾಯಕರ, ಅರಸರ, ದೇವರುಗಳ ಹೆಸರುಗಳಿವೆ; ಹೆಸರಿಗೊಂದು ಊರು, ಕೆಲವಕ್ಕೆ ವಾಹನದ ನೋಂದಣಿಯಂತೆ ಒಂದು ಸಂಖ್ಯೆಯೂ ಅಂಟಿಕೊಂಡಿರುತ್ತದೆ. ಅಭಿಮಾನಿ ಬಳಗಗಳಿವೆ, ಹಾಡುಗಳಿವೆ, ಮೊಬೈಲಿನಲ್ಲಿ ಊರೂರು ಸುತ್ತುವ ಓಟದ ತುಣುಕುಗಳಿವೆ. ಹೆಸರು ಮಾಡಿದ ಹೋರಿ ಸತ್ತರೆ ಅಲಂಕರಿಸಿದ ವಾಹನದಲ್ಲಿ ಮೆರವಣಿಗೆ ಮಾಡಿ ಮಣ್ಣು ಮಾಡುವುದೂ ಉಂಟು.

ತಾರಾ ಹೋರಿಯೊಂದರ ವೃತ್ತಿಜೀವನ ಸಂತೆಯಲ್ಲೋ ಜಾತ್ರೆಯಲ್ಲೋ ಆರಂಭವಾಗುತ್ತದೆ. ಹಳ್ಳಿಕಾರ್, ಅಮೃತಮಹಲ್ ತಳಿಗಳ ರಕ್ತ ಇರುವ ಕರುವನ್ನು ಅದರ ನಿಲುವು, ಕಾಲಿನ ಕಸುವು, ಕಣ್ಣಿನ ಚುರುಕು ನೋಡಿ ಆಯುತ್ತಾರೆ. ಅಮೃತಮಹಲ್ ಎಂಬುದು ಹಿಂದೆ ಮೈಸೂರಿನ ಸೇನೆಯ ತೋಪು, ಸರಂಜಾಮುಗಳನ್ನು ಎಳೆಯಲೆಂದೇ ಬೆಳೆಸಿದ ತಳಿ. ವೇಗ ಮತ್ತು ದಮ್ಮಿಗೆ ಹೆಸರಾದದ್ದು. 1929ರಲ್ಲಿ ಅಜ್ಜಂಪುರದಲ್ಲಿ ಅದಕ್ಕೆಂದೇ ತಳಿ ಸಂವರ್ಧನಾ ಕೇಂದ್ರ ಸ್ಥಾಪನೆಯಾಯಿತು. ಹಾಲುಹಲ್ಲಿನ ಕರು ಎರಡು ಹಲ್ಲಾಗಿ, ನಾಲ್ಕು ಹಲ್ಲಾಗಿ, ಬಾಯಿಗೂಡುವ ಹೊತ್ತಿಗೆ ಅದು ಓಟಕ್ಕೆ ಪಳಗಿರುತ್ತದೆ. ಕೆರೆಯಲ್ಲಿ ಈಜಿಸುತ್ತಾರೆ, ಹೊಲದಲ್ಲಿ ಓಡಿಸುತ್ತಾರೆ. ಹುರುಳಿ, ಹತ್ತಿಕಾಳು, ಹಿಂಡಿ, ಕೊಬ್ಬರಿ, ಮೊಟ್ಟೆ ಎಂದು ಮನೆಯ ಮಕ್ಕಳಿಗೂ ಇಲ್ಲದ ಮೇವು. ಅಖಾಡದಲ್ಲಿ ಹಗ್ಗ ಹಿಡಿಯುವವರು ಗಂಡಸರಾದರೂ ವರ್ಷವಿಡೀ ಮೈ ತೊಳೆದು, ಸಗಣಿ ಬಾಚಿ, ಹೊತ್ತಿಗೆ ಸರಿಯಾಗಿ ಮೇವು ಹಾಕುವವರು ಬಹುಪಾಲು ಮನೆಯ ಹೆಂಗಸರು. ಅವರು ಕರೆದರೆ ಕರುವಿನಂತೆ ಬರುವ ಪ್ರಾಣಿ, ಅಖಾಡದಲ್ಲಿ ಮಾತ್ರ ಯಾರನ್ನೂ ಹತ್ತಿರ ಬಿಟ್ಟುಕೊಳ್ಳದು. ಹೆಸರು ಮಾಡಿದ ಮೇಲೆ ಅದರ ಬೆಲೆ ಲಕ್ಷಗಳಲ್ಲಿ. ಬೈಕು, ಚಿನ್ನ, ಫ್ರಿಜ್ಜು ಎಂದು ಬಹುಮಾನ ಬಂದರೂ ಸಾಕುವ ಖರ್ಚು ಹುಟ್ಟುವುದಿಲ್ಲ. ಹಾಗಾದರೆ ಏಕೆ ಸಾಕುತ್ತಾರೆ ಎಂದರೆ, ಹೆಸರಿಗೆ. ತನ್ನ ಹೆಸರು ಎಲ್ಲಿಯೂ ಅಚ್ಚಾಗದ ರೈತನ ಊರಿನ ಹೆಸರನ್ನು ಅವನ ಹೋರಿ ನಾಲ್ಕು ತಾಲ್ಲೂಕಿಗೆ ಸಾರುತ್ತದೆ.

ಈ ಹೆಮ್ಮೆಯನ್ನು ನಗರದಲ್ಲಿ ಕುಳಿತ ನಾವು ಹಗುರವಾಗಿ ಕಾಣಬಾರದು. ಒಂದು ಕಾಲಕ್ಕೆ ಉಳುವುದಕ್ಕೆ, ಹರಗುವುದಕ್ಕೆ, ಗಾಡಿ ಹೂಡುವುದಕ್ಕೆ ಎತ್ತೇ ಬೇಕಿತ್ತು. ವರ್ಷಕ್ಕೊಮ್ಮೆ ದುಡಿದ ಪ್ರಾಣಿಯನ್ನು ಸಿಂಗರಿಸಿ, ಪೂಜಿಸಿ, ಬೆದರಿಸಿ ಓಡಿಸುವುದು ಆ ದುಡಿಮೆಯ ಬದುಕಿನ ಕೊನೆಯಲ್ಲಿ ಬರುವ ಒಂದು ಸಂಜೆಯಾಗಿತ್ತು. ಇಂದು ಶಿಕಾರಿಪುರ, ಸೊರಬದ ಹೊಲಗಳಲ್ಲಿ ಮೆಕ್ಕೆಜೋಳ, ಶುಂಠಿ, ಅಡಿಕೆ ಬಂದಿವೆ. ಟ್ರ್ಯಾಕ್ಟರು, ಟಿಲ್ಲರುಗಳು ಬಂದಿವೆ. ಗಂಡುಕರು ಹುಟ್ಟಿದರೆ ಏನು ಮಾಡುವುದೆಂಬುದೇ ರೈತನಿಗೆ ಚಿಂತೆಯಾಗಿರುವಾಗ, ಅದನ್ನು ಸಾಕಲು ಉಳಿದಿರುವ ಕೆಲವೇ ಕಾರಣಗಳಲ್ಲಿ ಈ ಓಟವೂ ಒಂದು. ಹಬ್ಬ ನಿಂತರೆ ದೇಸಿ ಹೋರಿಯೂ ಕೊಟ್ಟಿಗೆಯಿಂದ ಮಾಯವಾದೀತು ಎಂಬ ವಾದದಲ್ಲಿ ಹುರುಳಿಲ್ಲದಿಲ್ಲ.

ಆದರೆ ದುಡಿಮೆಯ ನಡುವಿನ ಒಂದು ಸಂಜೆಯಾಗಿದ್ದುದು ಪೂರ್ಣಾವಧಿಯ ವೃತ್ತಿಯಾದಾಗ ಅದರ ಸ್ವರೂಪವೇ ಬದಲಾಗುತ್ತದೆ. ವರ್ಷಕ್ಕೆ ಒಂದೆರಡು ಬಾರಿ, ತನ್ನ ಊರಿನಲ್ಲಿ, ತನ್ನನ್ನು ಬಲ್ಲ ಜನರ ನಡುವೆ ಓಡುತ್ತಿದ್ದ ಪ್ರಾಣಿ ಈಗ ಸರಕು ವಾಹನವೇರಿ ಊರಿಂದೂರಿಗೆ ಹೋಗುತ್ತದೆ. ಒಂದೇ ಋತುವಿನಲ್ಲಿ ಹಲವು ಅಖಾಡ, ಗೊತ್ತಿಲ್ಲದ ನೆಲ, ಕಿವಿಗಡಚಿಕ್ಕುವ ಡಿಜೆ, ಮುಗಿಬೀಳುವ ಸಾವಿರಾರು ಮಂದಿ. ಬೆದರಿಸುವುದು ಎಂಬ ಕ್ರಿಯಾಪದ ಹಬ್ಬದ ಹೆಸರಿನಲ್ಲಿಯೇ ಇದೆ. ಹೋರಿ ಸಂತೋಷದಿಂದ ಓಡುತ್ತದೆ ಎನ್ನುವವರು ಆ ಹೆಸರನ್ನೊಮ್ಮೆ ಕಿವಿಗೊಟ್ಟು ಕೇಳಬೇಕು.

ಇನ್ನು ಮನುಷ್ಯರ ಮಾತು. 2023ರ ಜನವರಿಯಲ್ಲಿ, ಸಂಕ್ರಾಂತಿಯ ಆಸುಪಾಸಿನಲ್ಲಿ, ಶಿವಮೊಗ್ಗ ಜಿಲ್ಲೆಯೊಂದರಲ್ಲೇ ಇಬ್ಬರು ಹೋರಿ ತಿವಿದು ಸತ್ತರು. ಒಬ್ಬರು ಶಿಕಾರಿಪುರ ತಾಲ್ಲೂಕಿನಲ್ಲಿ, ಇನ್ನೊಬ್ಬರು ಶಿವಮೊಗ್ಗ ತಾಲ್ಲೂಕಿನಲ್ಲಿ. 2025ರ ಅಕ್ಟೋಬರಿನಲ್ಲಿ, ದೀಪಾವಳಿಯ ಹೊತ್ತಿನಲ್ಲಿ, ನೆರೆಯ ಹಾವೇರಿ ಜಿಲ್ಲೆಯ ಬೇರೆ ಬೇರೆ ಊರುಗಳಲ್ಲಿ ಮೂವರು ಪ್ರಾಣ ಕಳೆದುಕೊಂಡರು. ಅವರಲ್ಲಿ ಹೋರಿ ಹಿಡಿಯಲು ಹೋಗದ ವೃದ್ಧರೂ ಇದ್ದರು. ಪ್ರತಿ ಸಾವಿನ ನಂತರವೂ ಒಂದೇ ಕ್ರಮ ನಡೆಯುತ್ತದೆ. ಸಂಘಟಕರ ಮೇಲೆ ದೂರು, ಅನುಮತಿ ಇತ್ತೇ ಇರಲಿಲ್ಲವೇ ಎಂಬ ಚರ್ಚೆ, ಕೆಲವು ದಿನಗಳ ನಿರ್ಬಂಧ. ಮುಂದಿನ ಬಲಿಪಾಡ್ಯಮಿಗೆ ಮತ್ತೆ ಅದೇ ಬಿದಿರಿನ ತಡೆ, ಅದೇ ಜನ.

ಈ ನೆಲಕ್ಕೆ ದನಗಳಿಗಾಗಿ ಸತ್ತವರ ನೆನಪು ಹೊಸದಲ್ಲ. ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕದ ಏಳು ಮತ್ತು ಎಂಟನೆಯ ಸಂಪುಟಗಳಲ್ಲಿ ಸಂಗ್ರಹಿಸಿದ ಶಿಕಾರಿಪುರ, ಸೊರಬ ತಾಲ್ಲೂಕುಗಳ ಶಾಸನಗಳಲ್ಲಿ ವೀರಗಲ್ಲುಗಳು ಹೇರಳ. ಊರಿನ ತುರುಗಳನ್ನು ಅಟ್ಟಿಸಿಕೊಂಡು ಹೋದವರನ್ನು ಎದುರಿಸಿ, ದನಗಳನ್ನು ಬಿಡಿಸಿ ತಂದು ಮಡಿದ ಸಾಮಾನ್ಯರ ಕಲ್ಲುಗಳು ಅವುಗಳಲ್ಲಿ ಎಷ್ಟೋ. ತುರುಗೋಳ್ ಎಂಬ ಹಳಗನ್ನಡದ ಮಾತೇ ಅಂತಹ ಕಾಳಗಕ್ಕೆ ಮೀಸಲಾದದ್ದು. ಶಿರಾಳಕೊಪ್ಪದ ಮಗ್ಗುಲಲ್ಲಿರುವ ಬಳ್ಳಿಗಾವಿ, ತಾಳಗುಂದಗಳ ಕಡೆ ಹೋಗುವ ದಾರಿಯಲ್ಲಿ ಇಂತಹ ಕಲ್ಲುಗಳ ಮುಂದೆ ಯಾರಾದರೂ ಇಂದಿಗೂ ನಿಲ್ಲಬಹುದು. ಅವುಗಳಲ್ಲಿ ಸತ್ತವನ ಹೆಸರಿದೆ, ಯಾವುದಕ್ಕಾಗಿ ಸತ್ತನೆಂಬುದಿದೆ. ಎಷ್ಟೋ ಸಂದರ್ಭಗಳಲ್ಲಿ ಅವನ ಮನೆಯವರಿಗೆ ಊರು ಬಿಟ್ಟುಕೊಟ್ಟ ಭೂಮಿಯ ಉಲ್ಲೇಖವೂ ಇದೆ. ಸಾವಿರ ವರ್ಷಗಳ ಹಿಂದಿನ ಆ ಸಮಾಜ ಒಂದು ಸಾವಿಗೆ ತಾನು ಬಾಧ್ಯಸ್ಥನೆಂದು ಕಲ್ಲಿನಲ್ಲಿ ಬರೆದು ಒಪ್ಪಿಕೊಂಡಿತ್ತು. ಇಂದಿನ ಅಖಾಡದಲ್ಲಿ ಸತ್ತವನಿಗೆ ಬಾಧ್ಯಸ್ಥರು ಯಾರು? ಹೋರಿಯ ಒಡೆಯನೋ, ಸಮಿತಿಯೋ, ವೇದಿಕೆಯ ಮೇಲೆ ಬಹುಮಾನ ಹಂಚಿದ ಜನಪ್ರತಿನಿಧಿಯೋ, ತಾಲ್ಲೂಕು ಆಡಳಿತವೋ? ಉತ್ತರವಿಲ್ಲ.

ಇಂತಹ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡ ಮೊದಲ ಆಟ ನಮ್ಮದಲ್ಲ. ಅಮೆರಿಕನ್ ಫುಟ್‌ಬಾಲ್ 1905ರಲ್ಲಿ ಇದೇ ಜಾಗದಲ್ಲಿ ನಿಂತಿತ್ತು. ಆ ಒಂದು ಋತುವಿನಲ್ಲಿ ಸುಮಾರು 18 ಮಂದಿ ಆಟದಲ್ಲಿಯೇ ಸತ್ತರು. ಅವರಲ್ಲಿ ಹೆಚ್ಚಿನವರು ವಿದ್ಯಾರ್ಥಿಗಳು. ಆಟವನ್ನು ನಿಷೇಧಿಸಬೇಕೆಂಬ ಕೂಗೆದ್ದಿತು. ಕೊಲಂಬಿಯಾ ವಿಶ್ವವಿದ್ಯಾಲಯ ಅದನ್ನು ಕೈಬಿಟ್ಟೇಬಿಟ್ಟಿತು. ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಆ ಆಟದ ಅಭಿಮಾನಿ. ಅವರ ಮಗನೇ ಹಾರ್ವರ್ಡಿನಲ್ಲಿ ಆಡುತ್ತಿದ್ದ. ಆ ವರ್ಷದ ಅಕ್ಟೋಬರಿನಲ್ಲಿ ಅವರು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ, ಆಟವನ್ನು ಸರಿಪಡಿಸಿಕೊಳ್ಳುವಂತೆ ಒತ್ತಾಯಿಸಿದರು. 1906ರಲ್ಲಿ ನಿಯಮಗಳು ಬದಲಾದವು. ಚೆಂಡನ್ನು ಮುಂದಕ್ಕೆ ಎಸೆಯಲು ಅವಕಾಶ ಬಂತು; ಎರಡು ಪಕ್ಷಗಳ ನಡುವೆ ಖಾಲಿ ಜಾಗ ಬಿಡಬೇಕೆಂದಾಯಿತು. ಒಂದೇ ಕಡೆ ಮೈಗೆ ಮೈ ಗುದ್ದಿ ತುಳಿದಾಡುತ್ತಿದ್ದ ಗುಂಪು ಮೈದಾನದ ಅಗಲಕ್ಕೆ ಹರಡಿಕೊಳ್ಳತೊಡಗಿತು. ನಿಯಮಗಳ ಮೇಲ್ವಿಚಾರಣೆಗೆ ಅದೇ ವರ್ಷ ಹುಟ್ಟಿದ ಸಂಸ್ಥೆಯೇ ಅಲ್ಲಿನ ಕಾಲೇಜು ಕ್ರೀಡೆಗಳನ್ನು ನೋಡಿಕೊಳ್ಳುವ ಇಂದಿನ ಎನ್‌ಸಿಎಎ. ಆಟ ಸಾಯಲಿಲ್ಲ. ಜಿಮ್ ಬ್ರೌನ್ ಆಡಿದ್ದು ಹೀಗೆ ತಿದ್ದಿಕೊಂಡ ಆಟವನ್ನೇ.

ತಿದ್ದುಪಡಿ ಅಲ್ಲಿಗೇ ಮುಗಿಯಲಿಲ್ಲ ಎಂಬುದನ್ನೂ ಹೇಳಬೇಕು. ಪದೇ ಪದೇ ತಲೆಗೆ ಬೀಳುವ ಪೆಟ್ಟಿನಿಂದ ನಿವೃತ್ತ ಆಟಗಾರರ ಮಿದುಳು ಹಾಳಾಗಿರುವುದು ಈ ಶತಮಾನದ ಆರಂಭದಲ್ಲಿ ಬೆಳಕಿಗೆ ಬಂತು. ಸಾವಿರಾರು ಮಾಜಿ ಆಟಗಾರರು ಲೀಗಿನ ವಿರುದ್ಧ ನ್ಯಾಯಾಲಯಕ್ಕೆ ಹೋದರು. 2013ರಲ್ಲಿ 76.5 ಕೋಟಿ ಡಾಲರುಗಳ ರಾಜಿ ಒಪ್ಪಂದವಾಗಿ, ಪರಿಷ್ಕೃತ ಒಪ್ಪಂದಕ್ಕೆ 2015ರಲ್ಲಿ ನ್ಯಾಯಾಲಯದ ಒಪ್ಪಿಗೆ ದೊರೆಯಿತು. ಆಟದ ವೈಭವದ ಲೆಕ್ಕಪುಸ್ತಕದಲ್ಲಿ ಆಟಗಾರನ ಮುಪ್ಪಿಗೂ ಒಂದು ಪುಟವಿರಬೇಕು ಎಂಬುದನ್ನು ಅಷ್ಟು ಶ್ರೀಮಂತವಾದ ಲೀಗ್ ಕೂಡ ಒಪ್ಪಿಕೊಂಡದ್ದು ಕೋರ್ಟಿನ ಕಟಕಟೆಯಲ್ಲಿ ನಿಂತ ಮೇಲೆಯೇ.

ನಮ್ಮಲ್ಲಿ ನ್ಯಾಯಾಲಯ ಏನು ಹೇಳಿತು? 2014ರ ಮೇ 7ರಂದು ಸುಪ್ರೀಂ ಕೋರ್ಟಿನ ದ್ವಿಸದಸ್ಯ ಪೀಠ ಜಲ್ಲಿಕಟ್ಟು ಮತ್ತು ಎತ್ತಿನ ಓಟಗಳನ್ನು ಕ್ರೌರ್ಯವೆಂದು ಪರಿಗಣಿಸಿ ತಡೆಯಿತು. ಅದರ ನಂತರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಗೆ ಕರ್ನಾಟಕ 2017ರಲ್ಲಿ ತಿದ್ದುಪಡಿ ತಂದು ಕಂಬಳಕ್ಕೂ ಹೋರಿ, ಎತ್ತುಗಳ ಓಟಕ್ಕೂ ದಾರಿ ಮಾಡಿತು. ನ್ಯಾಯಮೂರ್ತಿ ಕೆ.ಎಂ. ಜೋಸೆಫ್ ನೇತೃತ್ವದ ಸಂವಿಧಾನ ಪೀಠ 2023ರಲ್ಲಿ ಎತ್ತಿಹಿಡಿದದ್ದು ಈ ತಿದ್ದುಪಡಿಗಳನ್ನು. ಸಂಭ್ರಮಿಸಿದವರು ಆ ತೀರ್ಪಿನ ಕೊನೆಯ ಭಾಗವನ್ನು ಅಷ್ಟಾಗಿ ಓದಿದಂತಿಲ್ಲ. ಕಾನೂನು ಮತ್ತು ನಿಯಮಗಳು ಕಟ್ಟುನಿಟ್ಟಾಗಿ ಜಾರಿಯಾಗಬೇಕು, ಅದಕ್ಕೆ ಜಿಲ್ಲಾಧಿಕಾರಿ ಹಾಗೂ ಸಕ್ಷಮ ಪ್ರಾಧಿಕಾರಗಳೇ ಹೊಣೆ ಎಂದೂ ನ್ಯಾಯಾಲಯ ಹೇಳಿದೆ. ಆಡಬಹುದೇ ಎಂಬ ವ್ಯಾಜ್ಯ ಅಂದಿಗೆ ಮುಗಿಯಿತು. ಹೇಗೆ ಆಡಬೇಕು ಎಂಬ ಕೆಲಸ ಅಂದಿನಿಂದ ಆರಂಭವಾಗಬೇಕಿತ್ತು.

ಅದಕ್ಕೆ ದೂರದ ಮಾದರಿಯೂ ಬೇಕಾಗಿಲ್ಲ. ಘಟ್ಟದ ಕೆಳಗಿನ ಕಂಬಳಕ್ಕೆ ಸಮಿತಿಗಳಿವೆ, ಓಟದ ವಿಭಾಗಗಳಿವೆ, ತೀರ್ಪುಗಾರರಿದ್ದಾರೆ. ಫಲಿತಾಂಶಕ್ಕೆ ಲೇಸರ್ ಗೆರೆ ಬಂದಿದೆ. ಕೋಣ ಓಡಿಸುವವರಿಗೆ ತರಬೇತಿಯೂ ನಡೆದಿದೆ. ಕಂಬಳದಲ್ಲಿ ಕೊರತೆಗಳಿಲ್ಲವೆಂದಲ್ಲ. ಆದರೆ ಯಾರನ್ನು ಕೇಳಬೇಕೆಂಬುದು ಅಲ್ಲಿ ಗೊತ್ತಿದೆ. ಹೋರಿ ಹಬ್ಬಕ್ಕೆ ಅಂತಹ ಒಂದು ವಿಳಾಸ ಇನ್ನೂ ಗಟ್ಟಿಯಾಗಿಲ್ಲ.

ಮೊದಲು ಆಗಬೇಕಾದದ್ದು ಅಖಾಡದ ಕೊನೆಯನ್ನು ಮುಚ್ಚುವ ಕೆಲಸ. ಗುರಿ ದಾಟಿದ ಹೋರಿ ಓಟ ಮುಗಿಯಿತೆಂದು ತಿಳಿದು ತಾನಾಗಿ ನಿಲ್ಲುವುದಿಲ್ಲ. ಬೆದರಿದ ಪ್ರಾಣಿ ಬೀದಿಗೆ ನುಗ್ಗುತ್ತದೆ, ಜಗುಲಿಯ ಮೇಲೆ ಕುಳಿತ ಮುದುಕರನ್ನೂ ಬಿಡುವುದಿಲ್ಲ. ಓಟದ ಪಥ ಬಲವಾದ ಬೇಲಿಯ ದೊಡ್ಡಿಯೊಂದರಲ್ಲಿ ಮುಗಿಯಬೇಕು; ಅಲ್ಲಿ ಹೋರಿಯ ಪರಿಚಿತರು ಅದನ್ನು ಹಿಡಿದು ಸಮಾಧಾನ ಪಡಿಸುವಂತಿರಬೇಕು. ನೋಡುವವರಿಗೂ ಪಥಕ್ಕೂ ನಡುವೆ ಎರಡು ಸಾಲು ತಡೆಯಿರಬೇಕು. ಹಿಡಿಯುವವರ ಸಂಖ್ಯೆಗೆ ಮಿತಿ, ಹೆಸರಿನ ನೋಂದಣಿ, ವಯಸ್ಸಿನ ಪರೀಕ್ಷೆ, ವಿಮೆ ಕಡ್ಡಾಯವಾಗಬೇಕು. ಕುಡಿದವನು ಪಥಕ್ಕೆ ಇಳಿಯುವಂತಿರಬಾರದು. ಆಂಬುಲೆನ್ಸೂ ಪಶುವೈದ್ಯರೂ ಇಲ್ಲದೆ ಒಂದು ಹೋರಿಯನ್ನೂ ಬಿಡಬಾರದು. ಬಹುಮಾನಕ್ಕೆ ಬೈಕು ಕೊಡಬಲ್ಲ ಸಮಿತಿಗಳಿಗೆ ಇದು ನಿಲುಕದ ಖರ್ಚಲ್ಲ.

ಎರಡನೆಯದು ಹೋರಿಯ ಲೆಕ್ಕ. ದೇಶದ ಜಾನುವಾರುಗಳಿಗೆ ಕಿವಿಯಲ್ಲಿ ಹನ್ನೆರಡು ಅಂಕಿಯ ಗುರುತಿನ ಓಲೆ ಹಾಕುವ ಕಾರ್ಯಕ್ರಮ ಜಾರಿಯಲ್ಲಿದೆ. ಆ ಸಂಖ್ಯೆಗೆ ಜೋಡಿಸಿ ಓಟದ ಹೋರಿಗೆ ಒಂದು ಪುಸ್ತಕ ಇಟ್ಟರೆ ಸಾಕು: ಎಷ್ಟು ಹಲ್ಲು, ಈ ಋತುವಿನಲ್ಲಿ ಎಷ್ಟನೆಯ ಓಟ, ಹಿಂದಿನ ಗಾಯ ಮಾಗಿದೆಯೇ, ಎರಡು ಓಟಗಳ ನಡುವೆ ಎಷ್ಟು ದಿನದ ಬಿಡುವು. ಬಾಯಿಗೂಡದ ಕರುವನ್ನೂ ದಣಿದ ಮುದಿ ಹೋರಿಯನ್ನೂ ಬಿಡುವಂತಿಲ್ಲ ಎಂಬ ಎರಡು ಗೆರೆಗಳನ್ನು ಪಶುವೈದ್ಯರು ಎಳೆಯಲಿ. ಅಭಿಮಾನಿಗಳು ತಮ್ಮ ಹೋರಿಯ ಗೆಲುವುಗಳನ್ನು ಬಾಯಿಪಾಠ ಮಾಡಿರುತ್ತಾರೆ. ಅವರಿಗೆ ಈ ಲೆಕ್ಕ ಹೊರೆಯಾಗದು. ಬದಲಿಗೆ ಅದೊಂದು ಹೆಮ್ಮೆಯ ದಾಖಲೆಯಾದೀತು.

ಮೂರನೆಯದೇ ಕಷ್ಟದ್ದು, ನಿವೃತ್ತಿ. ಎಷ್ಟೋ ಮನೆಗಳಲ್ಲಿ ಓಟ ಮುಗಿಸಿದ ಹೋರಿಯನ್ನು ಕೊನೆಯವರೆಗೂ ದೇವರಂತೆ ಸಾಕುತ್ತಾರೆ ಎಂಬುದು ನಿಜ. ಕೈಯಿಂದ ಕೈಗೆ ಮಾರಾಟವಾಗುತ್ತ, ಪ್ರತಿ ಹೊಸ ಒಡೆಯನಿಗೂ ಇನ್ನೊಂದು ಋತು ಓಡಿಕೊಡುವ ಹೋರಿಗಳಿರುವುದೂ ಅಷ್ಟೇ ನಿಜ. ಬಹುಮಾನದ ಒಂದು ಭಾಗ ಆ ಹೋರಿಯ ಮುಪ್ಪಿನ ಮೇವಿಗೆಂದು ಪ್ರತ್ಯೇಕ ಖಾತೆಗೆ ಹೋಗಬೇಕು. ಮಾರಿದರೆ ಆ ಖಾತೆಯೂ ಅದರ ಹಿಂದೆಯೇ ಹೋಗಬೇಕು. ಈ ಷರತ್ತಿಗೆ ಸಹಿ ಹಾಕದ ಒಡೆಯನ ಹೋರಿ ಅಖಾಡಕ್ಕೆ ಇಳಿಯಬಾರದು.

ಇದೆಲ್ಲ ಹಬ್ಬದ ಜೀವವನ್ನೇ ಹಿಂಡಿಬಿಡುತ್ತದೆ, ಇದೇನು ಸರ್ಕಾರಿ ಕಚೇರಿಯೇ ಎಂದು ಕೇಳುವವರಿದ್ದಾರೆ. 1905ರಲ್ಲಿಯೂ ಹಾಗೆ ಕೇಳಿದವರಿದ್ದರು. ನಿಯಮ ಬಂದರೆ ಆಟದ ಗಂಡಸುತನ ಹೋಗುತ್ತದೆ ಎಂದು ಅವರು ವಾದಿಸಿದರು. ಇನ್ನೊಂದು ತುದಿಯಲ್ಲಿ, ನಿಷೇಧವೊಂದೇ ಪರಿಹಾರ ಎನ್ನುವ ಪ್ರಾಣಿದಯಾಪರರಿದ್ದಾರೆ. ಅವರ ಕಾಳಜಿ ಪ್ರಾಮಾಣಿಕವಾದದ್ದೇ. ಆದರೆ ನಿಷೇಧದ ನೆರಳಿನಲ್ಲಿ ಕದ್ದು ನಡೆಯುವ ಓಟದಲ್ಲಿ ಬೇಲಿಯೂ ಇರುವುದಿಲ್ಲ, ವೈದ್ಯರೂ ಇರುವುದಿಲ್ಲ. ಇಂದು ನಿಷೇಧವೂ ಇಲ್ಲ, ನಿಯಮವೂ ನೆಲಕ್ಕಿಳಿದಿಲ್ಲ. ಎರಡರ ನಡುವಿನ ಈ ಸ್ಥಿತಿಯೇ ಎಲ್ಲಕ್ಕಿಂತ ಅಪಾಯಕಾರಿ.

ಜಿಮ್ ಬ್ರೌನ್ ಬಿದ್ದಾಗಲೆಲ್ಲ ನಿಧಾನವಾಗಿ ಏಳುತ್ತಿದ್ದರೆಂದೆ. ನೋವನ್ನು ಮರೆಮಾಡುವುದು ಅವರ ಆಯ್ಕೆಯಾಗಿತ್ತು. ಒಂದು ದಿನ ಸಾಕೆಂದು ಎದ್ದು ಹೋದದ್ದೂ ಅವರ ಆಯ್ಕೆಯೇ. ಸಂಜೆ ಅಖಾಡದಿಂದ ಹಿಂದಿರುಗಿ ಕೊಟ್ಟಿಗೆಯಲ್ಲಿ ನಿಂತ ಹೋರಿಗೆ ಎರಡೂ ಇಲ್ಲ. ಜೂಲು ಬಿಚ್ಚಿ, ಬೆನ್ನು ನೇವರಿಸಿ, ಕಾಲಿನ ಗೆಣ್ಣುಗಳನ್ನು ಮುಟ್ಟಿ ನೋಡುವ ಮನೆಯಾಕೆಗೆ ಅದರ ನೋವು ಗೊತ್ತಾಗುತ್ತದೆ. ಈ ವರ್ಷ ಸಾಕು, ಇನ್ನು ಇದನ್ನು ಬಿಡಬೇಡಿ ಎಂದು ಅವಳು ಹೇಳಿಯೂ ಹೇಳುತ್ತಾಳೆ. ಆ ಮಾತಿಗೆ ಮನೆಯೊಳಗೆ ಬೆಲೆ ಸಿಕ್ಕೀತೋ ಇಲ್ಲವೋ ಹೇಳಲಾಗದು. ಕನಿಷ್ಠ ಕಾನೂನಿನ ಪುಸ್ತಕದಲ್ಲಾದರೂ ಅದಕ್ಕೊಂದು ಸಾಲು ಸಿಗಲಿ.